ಕುದುರೆಯ ಮುಂದಿನ ಜೋಳ

ಕಾನ್ಸಾಸ್, ಅಮೆರಿಕ

ಮಾನ್ಯ ಅಧ್ಯಕ್ಷರೇ, ನೆಲೋಗಿಯ ನಮ್ಮ ಪಡಸಾಲೆಯಲ್ಲಿ ಕಿಕ್ಕಿರಿದು ನೆರೆದ ಮಹಾಜನರೇ, ಅಂದರೆ ಕಸ್ತೂರಿ ಅಕ್ಕಾ ಮತ್ತು ನಿನ್ನ ಎರಡು ಎಮ್ಮೆಗಳೇ,

ಜೋಳದ ತರಬೇತಿಗೆ ಬಂದ ನಮಗೆ ಇಂದು ಹಳೆಯ ಕೋಟೆಯೊಂದನ್ನು ತೋರಿಸಿದರು. ನೂರೈವತ್ತು ವರ್ಷದ ಹಿಂದೆ ಇಲ್ಲಿ ಎಲಿಸ್ ಎಂಬ ಕುದುರೆ ದಳದ ಕ್ಯಾಪ್ಟನ್ ಇದ್ದ. ಅವನ ಚರಿತ್ರೆ ಇಷ್ಟೇ: ಕಾಳಗ ಹನ್ನೆರಡು, ಗಾಯ ಎರಡು, ಬಾಳು ಬರಡು. ಮೂಲನಿವಾಸಿಗಳ ಹಳ್ಳಿ ಸುಡಲು ಒಪ್ಪದ್ದಕ್ಕೆ ಹುದ್ದೆ ಕಿತ್ತುಕೊಂಡರು. ಹಸಿವಾದಾಗ ಕುದುರೆಯ ಜೋಳವನ್ನೇ ಬೇಯಿಸಿ ತಿಂದೆನೆಂದು ದಿನಚರಿಯಲ್ಲಿದೆ. ಊರಲ್ಲಿದ್ದ ಅಕ್ಕನಿಗೆ ಮಾತ್ರ ಪ್ರತಿ ಪತ್ರದಲ್ಲೂ ‘ಹೊಟ್ಟೆ ತುಂಬ ಉಂಡು ಸುಖವಾಗಿದ್ದೇನೆ’ ಎಂದೇ ಬರೆದ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಆ ಪತ್ರಗಳ ಮುಂದೆ ಬಹಳ ಹೊತ್ತು ನಿಂತೆ.

ಲಾಯದಲ್ಲಿ ಈಗಲೂ ಕುದುರೆಗಳಿವೆ. ಜೊತೆಗೆ ಬಂದ ಯಡ್ರಾಮಿಯ ರೈತ ಹುಲೆಪ್ಪ ಅವುಗಳ ಬಕೆಟ್ ನೋಡಿ, ನಮ್ಮನ್ನು ಕರೆತಂದ ಅಧಿಕಾರಿಗಳನ್ನು ಕೂಗಿದ: “ಸಾಹೇಬ್ರ, ಇಲ್ಲಿ ನೋಡ್ರಿ! ಕುದುರಿಗೆ ಜ್ವಾಳ ಹಾಕ್ಯಾರ, ನಮಗ ಬರೇ ಬ್ರೆಡ್ ತಿನಸಾಕತ್ತಾರ!” ನಾನೂ ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಕುದುರೆ ನನ್ನನ್ನು ಪಾಲು ಕೇಳಲು ಬಂದ ದಾಯಾದಿಯಂತೆ ನೋಡಿತು.

ಮೊಣಕಾಲು ನೋವು ಕಡಿಮೆ. ಸಂಜೆ ಕೋಣೆಯಲ್ಲಿ ಮಾತಿಗೆ ಯಾರೂ ಇಲ್ಲ, ಗೋಡೆಗೆ ಪ್ರಾಸ ಹೇಳುತ್ತೇನೆ. ಶುಕ್ರವಾರ ಹೊರಡುತ್ತೇವೆ.

ಅಕ್ಕಾ, ಸಭೆ ಸಾಕು. ನೀನು ಎರಡು ದಿನ ಒಲೆ ಮುಂದೆ ಕೂತು ಬಡಿದು ಕೊಟ್ಟ ಖಡಕ್ ರೊಟ್ಟಿಯ ಗಂಟನ್ನು, ಅಧಿಕಾರಿಗಳ ಮುಂದೆ ನಾಚಿಕೆಯಾಗಿ, ಕಲಬುರಗಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಬಿಟ್ಟು ಬಂದೆ. ದಿನಾ ತಿನ್ನುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದ್ದು ಸುಳ್ಳು.

ನಿನ್ನ ತಮ್ಮ
ಪ್ರಬುದ್ಧ