‘ಎಲ್ಲಾರಿಗೂ ಶರಣು’ ಎಂದವನ ಹುಡುಕಾಟ

ಅಪ್ಪಾ,

‘ತೀರ್ಥರೂಪ’ ಎಂದು ಬರೆಯಲು ಹೊರಟೆ, ಕೈ ಏಳಲಿಲ್ಲ. ನೀನಿದ್ದಾಗ ಒಂದು ದಿನವೂ ಹಾಗೆ ಕರೆದವಳಲ್ಲ ನಾನು. ಡ್ಯೂಟಿ ಮುಗಿಸಿ ಬಂದವನ ಟೋಪಿ ಕಸಿದು ತಲೆಗೆ ಹಾಕಿಕೊಂಡು ಪೊಲೀಸ್ ಕ್ವಾರ್ಟರ್ಸೆಲ್ಲ ಸುತ್ತುತ್ತಿದ್ದ ಮಗಳು ಈಗ ಒಮ್ಮೆಲೇ ಮರ್ಯಾದೆ ಕೊಟ್ಟರೆ ನೀನೇ ನಕ್ಕುಬಿಡುತ್ತೀಯ. ಇವತ್ತು ನನಗೆ ರಜೆ. ಮುಂಬೈಯ ಸಯನ್‌ನಲ್ಲಿರುವ ಈ ಮನೆಯಲ್ಲಿ ಅವ್ವ ಒಳಗೆ ಜೋಳದ ಹಿಟ್ಟು ಸಾಣಿಸುತ್ತಿದ್ದಾಳೆ. ಅವಳಿಗೆ ಹೇಳಲಾಗದ ಒಂದು ಸಂಗತಿ ಇದೆ, ಹೇಳಿದರೆ ಹೆದರುತ್ತಾಳೆ. ನಿನಗಾದರೆ… ನಿನಗೆ ಇವೆಲ್ಲ ಗೊತ್ತಿದ್ದವು, ಅಲ್ಲವೇ?

ನಮ್ಮ ಕ್ವಾರ್ಟರ್ಸಿನ ಎದುರಿಗೆ ಒಂದು ಎಸ್‌ಟಿಡಿ ಬೂತ್ ಇತ್ತಲ್ಲ, ಹಳದಿ ಬಣ್ಣದ ಬೋರ್ಡಿನದು, ನೆನಪಿದೆಯಾ? ನಿಮ್ಮ ಠಾಣೆಯಲ್ಲಿ ಕನ್ನಡ ಬರುತ್ತಿದ್ದ ಹವಾಲ್ದಾರ ನೀನೊಬ್ಬನೇ. ನಮ್ಮ ಕಡೆಯವರು ಯಾರಾದರೂ ಈ ಊರಿನಲ್ಲಿ ಜೀವ ಕಳೆದುಕೊಂಡರೆ, ಅವರ ಮನೆಗೆ ತಿಳಿಸುವ ಕೆಲಸ ನಿನ್ನ ಪಾಲಿಗೆ ಬರುತ್ತಿತ್ತು. ನಿನ್ನ ಬೆರಳು ಹಿಡಿದು ನಾನೂ ಬೂತಿಗೆ ಬರುತ್ತಿದ್ದೆ, ಪೆಪ್ಪರಮಿಂಟಿನ ಆಸೆಗೆ. ಆ ಕಡೆ ಯಾರೋ ಹಲೋ ಎಂದ ಕೂಡಲೇ ನೀನು ಕೇಳುತ್ತಿದ್ದ ಮೊದಲ ಮಾತು ಒಂದೇ: “ನಿಮ್ಮ ಹತ್ರ ಯಾರರ ಅದಾರೇನ್ರೀ? ಇದ್ರ ಅವರನ್ನ ಸನೇಕ ಕರೀರಿ.” ಫೋನಿನಲ್ಲಿ ಮಾತು ಶುರು ಮಾಡುವ ರೀತಿಯೇ ಅದು ಎಂದುಕೊಂಡಿದ್ದೆ ನಾನು. ಒಂದು ದಿನ ಚಪ್ಪಲಿಯ ಡಬ್ಬಿಯನ್ನು ಫೋನು ಮಾಡಿಕೊಂಡು, ಗೊಂಬೆಗೆ ಅದೇ ಮಾತು ಹೇಳುತ್ತ ಆಡುತ್ತಿದ್ದಾಗ ಅವ್ವ ಓಡಿಬಂದು ನನ್ನ ಬಾಯಿ ಮುಚ್ಚಿದ್ದಳು. ಸಾವಿನ ಸುದ್ದಿ ಕೇಳುವವರು ಒಂಟಿಯಾಗಿರಬಾರದೆಂದು ನೀನು ಹಾಗೆ ಕೇಳುತ್ತಿದ್ದೆ ಎಂದು ತಿಳಿಯಲು ಎಷ್ಟೋ ವರ್ಷ ಬೇಕಾದವು.

ಇನ್ನೊಂದು ಸಲ ನೀನು ಹೊಸ್ತಿಲ ಹೊರಗೇ ನಿಂತಿದ್ದೆ. ಸಾವಿನ ಕೆಲಸ ಮುಗಿಸಿ ಬಂದ ದಿನ ಅವ್ವ ಸ್ನಾನದ ನೀರಿನ ಬಕೆಟ್ ತಂದು ಹೊರಗಿಟ್ಟ ಮೇಲೆಯೇ ನೀನು ಒಳಗೆ ಬರುತ್ತಿದ್ದುದು. ಅವತ್ತು ನಿನ್ನ ಜೊತೆಗೆ ಕೆಲಸ ಮಾಡುತ್ತಿದ್ದ ಕಾಕಾನೂ ಇದ್ದ. ಜೀವ ತೆಗೆದುಕೊಳ್ಳಲು ಹೋಗಿದ್ದ ಒಬ್ಬ ಹೆಣ್ಣುಮಗಳು ಆಸ್ಪತ್ರೆಯಲ್ಲಿ ಬದುಕಿ ಉಳಿದಿದ್ದಳಂತೆ. ಅವಳು ಕಣ್ಣು ಬಿಟ್ಟ ಕೂಡಲೇ ನೀನು ಹೋಗಿ ಅವಳ ಮೇಲೆಯೇ ಕೇಸು ಬರೆದುಕೊಳ್ಳಬೇಕಾಯಿತಂತೆ, ಆಗಿನ ಕಾಯಿದೆ ಹಾಗಿತ್ತು. “ಸತ್ತವರ ಮನೀಗೆ ಫೋನ್ ಮಾಡೂದು, ಉಳಿದವರ ಮ್ಯಾಲ ಕೇಸ್ ಹಾಕೂದು. ಇದಕ್ಕ ಖಾಕಿ ಯಾಕ ಬೇಕೋ ಮಾರಾಯಾ?” ಎಂದು ಕಾಕಾನನ್ನು ಕೇಳಿದ್ದೆ ನೀನು. ಅವತ್ತು ನೀನು ಊಟಕ್ಕೆ ಕೂತು ರೊಟ್ಟಿ ಮುರಿಯುತ್ತಲೇ ಇದ್ದೆ, ಬಾಯಿಗೆ ಹಾಕಿಕೊಳ್ಳಲಿಲ್ಲ.

ನಾನು ಪಿಎಸ್‌ಐ ಆದಾಗ ನೀನು ಇದ್ದೆ, ಸ್ಟಾರು ಹಚ್ಚಿದ ನನ್ನ ಭುಜ ಮುಟ್ಟಿ ನೋಡಿದ್ದೆ. ಆದರೆ ಈಗ ನಾನು ಮಾಡುತ್ತಿರುವ ಕೆಲಸ ನೀನು ಹೋದ ಮೇಲಿನದು. ಜನ ಈಗ ತಮ್ಮ ಸಂಕಟವನ್ನು ಫೋನಿನಲ್ಲಿ ಬರೆದು ಹಾಕುತ್ತಾರೆ, ಅಪ್ಪಾ. ಗುರುತಿದ್ದವರು, ಗುರುತಿಲ್ಲದವರು, ಎಲ್ಲರೂ ಓದುವ ಹಾಗೆ. ಅದನ್ನು ಓದಿ ಯಾರಾದರೂ ಹೆದರಿ ತಿಳಿಸಿದರೆ, ಇಲ್ಲವೇ ಆ ಆ್ಯಪ್ ನಡೆಸುವ ಕಂಪನಿಯವರಿಗೇ ಅನುಮಾನ ಬಂದರೆ, ನಮ್ಮ ಸೈಬರ್ ವಿಭಾಗಕ್ಕೆ ಸುದ್ದಿ ಬರುತ್ತದೆ. ನಾವು ನಂಬರು ಹುಡುಕಬೇಕು, ಫೋನು ಯಾವ ಟವರಿನ ಹತ್ತಿರ ಇದೆ ಎಂದು ಕೇಳಬೇಕು, ಅಲ್ಲಿನ ಠಾಣೆಯವರನ್ನು ಎಬ್ಬಿಸಿ ಕಳಿಸಬೇಕು. ಅವರು ಬಾಗಿಲು ತಟ್ಟಬೇಕು. ಬಾಗಿಲು ತೆರೆಯುವ ತನಕ ನಾವು ಉಸಿರು ಬಿಡುವುದಿಲ್ಲ.

ಮಳೆಗಾಲದ ಒಂದು ದಿನ ಬಾಗಿಲೇ ಇರಲಿಲ್ಲ. ಸಿಕ್ಕ ವಿಳಾಸ ಸಾಲು ಮನೆಗಳ ಒಂದು ಹಳೆಯ ಚಾಳಿನದು. ಚಾಳನ್ನು ಕೆಡವಿ ಬಿಲ್ಡಿಂಗ್ ಕಟ್ಟುತ್ತಿದ್ದರು. ಅಲ್ಲಿದ್ದವರು ಎಲ್ಲೆಲ್ಲಿಗೋ ಚದುರಿದ್ದರು. ಕೇಳಿ ಕೇಳಿ ಹೊಸ ಮನೆ ಹುಡುಕಿ ಹೋಗುವಷ್ಟರಲ್ಲಿ… ಬೇಡ. ಕಾಲೇಜು ಓದುವ ಹುಡುಗಿ ಅವಳು. ಅವಳ ಫೋಟೋ ನನ್ನ ಕಂಪ್ಯೂಟರಿನಲ್ಲಿ ತೆರೆದೇ ಇತ್ತು, ನಗುತ್ತಿದ್ದಳು. ಮನೆಗೆ ಬಂದು ಹೊಸ್ತಿಲ ಹೊರಗೆ ನಿಂತೆ. ಅವ್ವ ನನ್ನ ಮುಖ ನೋಡಿದಳು, ಒಳಗೆ ಹೋಗಿ ಬಕೆಟ್ ತಂದಳು. ಆಫೀಸಿನಿಂದ ಕದಲದೆ ಕೂತಿದ್ದವಳಿಗೂ ಸ್ನಾನ ಬೇಕು ಅನ್ನಿಸುತ್ತದೆ ಎಂದು ಅವತ್ತು ತಿಳಿಯಿತು. ಈಗಲೂ ಒಮ್ಮೊಮ್ಮೆ ಲೋಕಲ್ ರೈಲಿನಲ್ಲಿ ಎದುರಿನ ಸೀಟಿನಲ್ಲಿ ಆ ಹುಡುಗಿ ಕೂತಿರುತ್ತಾಳೆ. ಇಳಿಯುವಾಗ ನೋಡಿದರೆ ಬೇರೆ ಯಾರೋ ಆಗಿರುತ್ತಾರೆ.

ಈಗ ಹೇಳಬೇಕೆಂದಿರುವ ದಿನಕ್ಕೆ ಬರುತ್ತೇನೆ. ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತಿದ್ದೆವು. ನನ್ನ ಜೊತೆ ಕೆಲಸ ಮಾಡುವ ಪ್ರಾಚಿ ಎಂಬ ಕಾನ್‌ಸ್ಟೇಬಲ್ ಒಂದು ಕೈಯಲ್ಲಿ ಚಪಾತಿ ಹಿಡಿದೇ ಹೊಸದಾಗಿ ಬಂದ ಪೋಸ್ಟು ನೋಡಿದಳು. ಕನ್ನಡದ್ದು. ಕಂಪ್ಯೂಟರ್ ಅದನ್ನು ತನಗೆ ತಿಳಿದಂತೆ ಮರಾಠಿಗೆ ತಿರುಗಿಸಿತ್ತು. “ಮ್ಯಾಡಮ್, ಕಾಹೀ ನಾಹೀ. ಹೊಟ್ಟೆ ತುಂಬಿತು ಅಂತಾನೆ, ಎಲ್ಲರಿಗೂ ನಮಸ್ಕಾರ ಅಂತಾನೆ, ತಾಯಿಗೆ ರಸ್ತೆ ನೋಡಬೇಡ ಅಂತಾನೆ. ಬಾಜೂಲಾ ಠೇವೂ ಕಾ?” ಎಂದು ಮರಾಠಿಯಲ್ಲೇ ಕೇಳಿದಳು, ಏನೂ ಇಲ್ಲ ಇದರಲ್ಲಿ, ಬದಿಗಿಡಲೇ ಎಂದು. ನಾನು ಸುಮ್ಮನೆ ಬಗ್ಗಿ ನೋಡಿದೆ.

“ಸಾಕಾತು. ಎಲ್ಲಾರಿಗೂ ಶರಣು. ಅವ್ವಾ, ನನ್ನ ಹಾದಿ ನೋಡಬ್ಯಾಡ.”

ಅಪ್ಪಾ, ನಮ್ಮ ಕಡೆಯ ಮಾತು ಅದು. ನಮ್ಮ ಮನೆಯಲ್ಲಿ ಬಂದವರಿಗೂ ಶರಣು, ಹೋಗುವವರಿಗೂ ಶರಣು. ಇವನು ಯಾವ ಶರಣು ಹೇಳುತ್ತಿದ್ದಾನೆಂದು ಯಂತ್ರಕ್ಕೆ ಹೇಗೆ ತಿಳಿಯಬೇಕು? ಕೈ ತೊಳೆಯದೆ ಎದ್ದೆ. ಹೆಸರು ಬಸವರಾಜ. ಜೋಗೇಶ್ವರಿಯಲ್ಲಿ ಸ್ಟೀಲಿನ ಕಪಾಟು ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ವೆಲ್ಡಿಂಗ್ ಕೆಲಸ. ಪ್ರಾಚಿ ಅಲ್ಲಿಗೆ ಫೋನು ಹಚ್ಚಿದಳು. ಎರಡು ದಿನದಿಂದ ಬಂದಿಲ್ಲ ಎಂದರು. ಅವನ ಮೊಬೈಲು ಬಂದ್ ಆಗಿತ್ತು. ಕೊನೆಗೆ ಬಾಂದ್ರಾ ಕಡೆ ಚಾಲೂ ಇತ್ತು ಎಂಬುದಷ್ಟೇ ಗೊತ್ತಾಯಿತು. ಬಾಂದ್ರಾ ಅಂದರೆ ಎಷ್ಟು ದೊಡ್ಡದು! ಎಲ್ಲಿ ಎಂದು ಹುಡುಕುವುದು? ಸಿಮ್ಮು ಮಾತ್ರ ಅವನ ತಾಯಿಯ ಹೆಸರಿನಲ್ಲಿತ್ತು, ವಿಜಯಪುರ ಜಿಲ್ಲೆಯ ವಿಳಾಸ. ಅವಳದೊಂದು ನಂಬರು ಸಿಕ್ಕಿತು. ಪ್ರಾಚಿ ರಿಸೀವರನ್ನು ನನ್ನ ಕಡೆ ಚಾಚಿದಳು. ಕನ್ನಡ ಬರುವವಳು ನಾನೊಬ್ಬಳೇ.

ಆ ಕಡೆಯಿಂದ ಹೆಂಗಸಿನ ದನಿ, “ಯಾರ್ರೀ?” ಎಂದಿತು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಆದರೆ ಬಾಯಿಯಿಂದ ಬಂದದ್ದು ನಿನ್ನ ಮಾತು, ಅಪ್ಪಾ: “ನಿಮ್ಮ ಹತ್ರ ಯಾರರ ಅದಾರೇನ್ರೀ?”

ಆಕೆ ಚೀರಿದಳು. ಆ ಮಾತಿನ ಅರ್ಥ ಇಡೀ ಲೋಕದ ತಾಯಂದಿರಿಗೆ ಗೊತ್ತೇನೋ. ನಾನೂ ದನಿ ಏರಿಸಬೇಕಾಯಿತು. “ಯವ್ವಾ, ಕೇಳ್ರಿಲ್ಲೆ! ನಾ ಮುಂಬೈ ಪೊಲೀಸ. ನಿಮ್ಮ ಮಗಗ ಏನೂ ಆಗಿಲ್ಲ. ಅಂವನ್ನ ಹುಡಕಾಕತ್ತೀವಿ. ನಿಮ್ಮ ಸಹಾಯ ಬೇಕು.”

“ಅದಾನೇನ್ರೀ? ಖರೇ ಹೇಳ್ರಿ, ಅದಾನೇನ್ರೀ?”

“ಅದಾನ್ರೀ” ಎಂದೆ. ನನಗೆ ಗೊತ್ತಿತ್ತೇ? ಗೊತ್ತಿರಲಿಲ್ಲ. ನೀನು ಆ ಬೂತಿನಲ್ಲಿ ನಿಂತು ಎಷ್ಟೊಂದು ಸಲ ಈ ‘ಅದಾನ್ರೀ’ ಹೇಳಲು ಆಸೆಪಟ್ಟಿರಬೇಕು! ಕಾಶೀಬಾಯಿ ಎಂದು ಆ ತಾಯಿಯ ಹೆಸರು. ಅಳುತ್ತಲೇ ನೆನಪು ಮಾಡಿಕೊಂಡು ಹೇಳಿದಳು: “ಆಯ್ತವಾರಕ್ಕೊಮ್ಮೆ ವಿಡಿಯೋದಾಗ ಮಾತಾಡ್ತಾನ್ರೀ. ಸಮುದ್ರದ ದಂಡ್ಯಾಗ ಒಂದ ಕಟ್ಟಿ ಐತಿ, ಅಲ್ಲೇ ಕುಂದರತಾನ. ಹಿಂದ ದೊಡ್ಡ ಪೂಲ್ ಕಾಣಸತೈತಿ, ನೀರಿನ ಮ್ಯಾಲ. ನೋಡಬೇ, ಇದನ್ನ ನಿನಗ ತೋರಸ್ತೀನಿ ಬಾ ಅಂತಿದ್ದ.”

ಪೂಲ್ ಎಂದರೆ ಸಮುದ್ರದ ಮೇಲಿನ ಆ ಸೇತುವೆ, ಅದು ಕಾಣುವ ದಂಡೆಗೆ ಬಾಂದ್ರಾ ಠಾಣೆಯ ಮೋರೆ ಎಂಬ ಹವಾಲ್ದಾರ ಮೋಟರ್‌ಸೈಕಲ್ ಮೇಲೆ ಹೊರಟ. ನನ್ನ ಒಂದು ಕಿವಿಯಲ್ಲಿ ಕಾಶೀಬಾಯಿ, ಇನ್ನೊಂದರಲ್ಲಿ ಮೋರೆ. ಆಕೆ ಯಾವ್ಯಾವುದೋ ದೇವರ ಹೆಸರು ಹೇಳುತ್ತಿದ್ದಳು. ಈ ಕಡೆ ಹಾರ್ನು, ಗಾಳಿ, ಕಡಲೆ ಮಾರುವವನ ಕೂಗು. ನಡುವೆ ನಾನು. ನನ್ನ ಪಕ್ಕದಲ್ಲಿ ನೀನು ನಿಂತಿದ್ದೆಯಾ? ನಿನ್ನ ಬೀಡಿಯ ವಾಸನೆ ಬಂದ ಹಾಗಾಯಿತು. ನಮ್ಮ ಆಫೀಸಿನಲ್ಲಿ ಯಾರೂ ಬೀಡಿ ಸೇದುವುದಿಲ್ಲ.

“ಮಿಳಾಲಾ, ಮ್ಯಾಡಮ್” ಎಂದ ಮೋರೆ. ಸಿಕ್ಕಿದ. “ಕಟ್ಟೆಯ ಮೇಲೆ ಕೂತಿದ್ದಾನೆ. ಫೋಟೋದಲ್ಲಿದ್ದವನೇ. ಮಾತಾಡುತ್ತಿಲ್ಲ. ನಾನೂ ಪಕ್ಕದಲ್ಲಿ ಕೂತಿದ್ದೇನೆ.” ಬೈಯಬೇಡ, ಬುದ್ಧಿ ಹೇಳಬೇಡ, ಕೈ ಮಾತ್ರ ಹಿಡಿದುಕೊ ಎಂದೆ. “ಹಿಡಿದಿದ್ದೇನೆ” ಎಂದ. ಫೋನನ್ನು ಅವನ ಕಿವಿಗೆ ಇಡಿಸಿದೆ.

“ಬಸವರಾಜಾ, ಊಟ ಆತೇನಪಾ?”

“ಯಾರ ನೀವು? ಕನ್ನಡದಾಗ ಹೆಂಗ ಮಾತಾಡಾಕತ್ತೀರಿ?” ಎಂದ.

“ನಿಮ್ಮ ಊರ ಕಡೇದಾಕಿ. ನಿಮ್ಮವ್ವ ಇನ್ನೊಂದ ಫೋನ್ಯಾಗ ಅದಾಳ. ಮಾತಾಡ್ತಿ?”

“ಕೇಸ್ ಹಾಕ್ತೀರೇನ್ರೀ?”

“ಇಲ್ಲೋ ತಮ್ಮಾ. ಈಗ ಹಂಗಿಲ್ಲ. ದವಾಖಾನಿಗೆ ಹೋಗೂಣು, ಅಷ್ಟ.”

ಎರಡೂ ಫೋನುಗಳನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲೆ ಎದುರುಬದುರು ಇಟ್ಟೆ. ಅಲ್ಲಿಂದ ತಾಯಿ ಅತ್ತಳು, ಇಲ್ಲಿಂದ ಮಗ ಅತ್ತ. ಪ್ರಾಚಿಗೆ ಒಂದು ಅಕ್ಷರವೂ ತಿಳಿಯದು, ಅವಳೂ ಅತ್ತಳು.

ಆ ಸಂಜೆ ಬಾಂದ್ರಾ ಠಾಣೆಗೆ ಹೋದೆ. ಮೋರೆ ಅವನಿಗೆ ಚಹಾ, ವಡಾಪಾವ್ ತರಿಸಿ ಕೊಟ್ಟಿದ್ದ. ವಯಸ್ಸು ಮೂವತ್ತರ ಆಸುಪಾಸು, ಕೈತುಂಬ ವೆಲ್ಡಿಂಗಿನ ಕಿಡಿಯ ಕಲೆಗಳು. ಏನಾಯಿತು ಎಂದು ಕೇಳಿದೆ. ಒಂದೇ ಕಾರಣ ಅವನ ಬಾಯಿಂದ ಬರಲಿಲ್ಲ. ನಿದ್ದೆ ಬರುತ್ತಿರಲಿಲ್ಲ, ಯಾರ ಜೊತೆಗೂ ಮಾತು ಬೇಡವಾಗಿತ್ತು, ಎದೆಯ ಮೇಲೆ ಯಾರೋ ಕೂತ ಹಾಗಾಗುತ್ತಿತ್ತು ಎಂದ. ಆಮೇಲೆ ನನ್ನನ್ನೇ ನೋಡಿ ಕೇಳಿದ, ಸಿಟ್ಟಿಲ್ಲದೆ: “ಮ್ಯಾಡಮ್ಮಾರ, ನನ್ನ ಯಾಕ ಹುಡಿಕಿದ್ರಿ?” ‘ಡ್ಯೂಟಿ’ ಅನ್ನಲೇ? ನೀನಾಗಿದ್ದರೆ ಏನನ್ನುತ್ತಿದ್ದೆ, ಅಪ್ಪಾ? ಅವನನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಜೀಪಿನ ತುಂಬ ಆ ಪ್ರಶ್ನೆಯೇ ಇತ್ತು. ಈಗಲೂ ಇದೆ. ಕೂತಲ್ಲಿ ನಿಂತಲ್ಲಿ ಕೇಳಿಸುತ್ತದೆ.

ಮೊನ್ನೆ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಸೋದರಮಾವ ‘ಎಲ್ಲರಿಗೂ ಶರಣು’ ಎಂದು ಹಾಕಿದ್ದ, ಹಬ್ಬದ ಶುಭಾಶಯ. ಕೂಡಲೇ ಫೋನು ಮಾಡಿ “ಮಾಮಾ, ಆರಾಮ ಅದೀಯಿಲ್ಲೋ?” ಎಂದು ಕೇಳಿದೆ. ಅವನು ನಕ್ಕ. ಅವ್ವ ನಗಲಿಲ್ಲ. ನನ್ನ ಹಿಂದೆಯೇ ನಿಂತು ನೋಡುತ್ತಿದ್ದಳು, ನಿನ್ನನ್ನು ನೋಡುತ್ತಿದ್ದ ಹಾಗೆ.

ಕಾಶೀಬಾಯಿ ಮುಂಬೈಗೆ ಬಂದಿದ್ದಾಳೆ. ಜೋಗೇಶ್ವರಿಯ ಅವನ ಖೋಲಿಯಲ್ಲೇ ಇದ್ದಾಳೆ. ಬಸವರಾಜ ಡಾಕ್ಟರ ಹತ್ತಿರ ಹೋಗುತ್ತಿದ್ದಾನೆ, ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಇದು ಕೂಡಲೇ ಮುಗಿಯುವಂಥದ್ದಲ್ಲ, ಏರಿಳಿತ ಇರುತ್ತದೆ, ಜೊತೆಗೆ ಯಾರಾದರೂ ಇರಬೇಕು ಎಂದಿದ್ದಾರೆ ಡಾಕ್ಟರು. ಆಕೆ ಆಗಾಗ ನನಗೆ ಫೋನು ಮಾಡುತ್ತಾಳೆ. ಪ್ರತಿ ಸಲವೂ ಆಕೆಯ ಹೆಸರು ಕಂಡೊಡನೆ, ಎತ್ತುವ ಮೊದಲು ಒಂದು ಕ್ಷಣ ಗೋಡೆ ಹಿಡಿದುಕೊಳ್ಳುತ್ತೇನೆ.

ಇವತ್ತು ಮುಂಜಾನೆಯೂ ಮಾಡಿದ್ದಳು. ಗೋಡೆ ಹಿಡಿದು ಎತ್ತಿದೆ. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

“ಮ್ಯಾಡಮ್ಮಾರ, ಪಲ್ಯಾಕ ಉಪ್ಪ ಕಡಿಮಿ ಆಗೇತಿ ಅಂತ ತಾಟ ಸರಸಿ ನನ್ನ ಜೋಡಿ ಜಗಳಾ ತಗದಾನ್ರೀ! ಇಷ್ಟ ದಿನಾ ಹಾಕಿದ್ದನ್ನ ಸುಮ್ಮ ತಿಂತಿದ್ದ. ಇವತ್ತ ಜಗಳಾ ತಗದಾನ!”

ಹಿಂದಿನಿಂದ ಅವನ ದನಿ, ಖರೇನೇ ಸಿಟ್ಟಿನ ದನಿ, ಕೇಳಿಸಿತು: “ಅದನ್ನೂ ಪೊಲೀಸರಿಗೆ ಹೇಳ್ತಿ ಏನಬೇ?”

ಮುಂದಿನ ಆಯ್ತವಾರ ಊಟಕ್ಕೆ ಬಾ ಎಂದಿದ್ದಾಳೆ. ಹೋಗುತ್ತೇನೆ, ಅಪ್ಪಾ. ಯೂನಿಫಾರ್ಮು ಹಾಕಿಕೊಳ್ಳುವುದಿಲ್ಲ. ಅವ್ವನನ್ನೂ ಕರೆದುಕೊಂಡು ಹೋಗುತ್ತೇನೆ.

ನಿನ್ನ
ಸುನಂದಾ