ಎರಡೂ ಟೇಪಿನಲ್ಲಿರುವ ಆಯಿಯ ಕೂಗು

ಉಲ್ಲಾಸ,

ನಾನು ಯಲ್ಲಾಪುರಕ್ಕೆ ಹೊರಟೆ. ಆ ಎರಡು ಹಳೇ ಟೇಪ್ ರೆಕಾರ್ಡರ್ ಒಟ್ಟಿಗೆ ಓಡುವಂತೆ ಹೊಂದಿಸುವ ಕೆಲಸ ಇವತ್ತು ನಿನ್ನದು. ಹೆಡ್ ಒರೆಸಲು ಸ್ಪಿರಿಟ್ ಇಟ್ಟಿದ್ದೇನೆ. ಮೊನ್ನೆಯಂತೆ ಕೊಬ್ಬರಿ ಎಣ್ಣೆ ಸವರಬೇಡ ಮಾರಾಯ.

ಒಂದೇ ಹೊತ್ತಿನಲ್ಲಿ ರೆಕಾರ್ಡ್ ಮಾಡಿದ್ದಾದರೂ ಒಂದರಲ್ಲಿ ಅಪ್ಪನ ಭಾಗವತಿಕೆ, ಇನ್ನೊಂದರಲ್ಲಿ ಮದ್ದಲೆ ಇದೆ. ಪದ ಶುರುವಾಗುವ ಮುಂಚೆ ಆಯಿ ನಿನ್ನನ್ನು "ತಮಾ, ಊಟಕ್ಕೆ ಬಾರೋ" ಎಂದು ಕೂಗಿದ್ದನ್ನು ಗಲಾಟೆ ಎಂದು ಅಳಿಸಲು ಹೊರಟಿದ್ದೆಯಲ್ಲ, ಎರಡರಲ್ಲೂ ಇರುವುದು ಅದೊಂದೇ. ಮುಂದೆ ಓಡುವ ರೀಲಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ತಡೆ. ಎರಡು ಕೂಗು ಒಂದಾಗಿ ಕೇಳಿದರೆ ಪದವೂ ಮದ್ದಲೆಯೂ ತಾವಾಗಿಯೇ ಹೊಂದುತ್ತವೆ.

ಗಂಟಲಿನ ಆಪರೇಷನ್ ಆದಮೇಲೆ ಆಯಿಯ ದನಿ ಉಳಿದಿರುವುದು ಆ ಕೂಗಿನಲ್ಲಿ ಮಾತ್ರ. ಈಗ ಅವಳು ಬಟ್ಟಲು ಬಡಿದು ಊಟಕ್ಕೆ ಕರೆಯುತ್ತಾಳೆ. ಮೊದಲ ಸಲಕ್ಕೇ ಎದ್ದು ಹೋಗು.

ಅಕ್ಕ