ಡಬ್ಬಿಯೊಳಗಿನ ಎರಡು ನಿಂಬೆ

ಮೇ 5, ಸೋಮವಾರ. ಬೆಳಿಗ್ಗೆ 7

ಡಬ್ಬಿಗಳನ್ನು ತೊಳೆದು ಬಿಸಿಲಿಗಿಟ್ಟೆ. ನಲ್ಲಿ ನೀರು ಈಗಲೇ ಬಿಸಿ. ನಿನ್ನೆ ಭಾಲ್ಕಿ ರೋಡಿನ ಫಂಕ್ಷನ್ ಹಾಲ್‌ನಲ್ಲಿ ಮದುವೆ. ಬಗಾರಾ ಅನ್ನ, ಅದಕ್ಕೆ ಹುಳಿ ಬೇಳೆಸಾರು ದಾಲ್ಚಾ. ಹಂಡೆಯಲ್ಲೇ ಉಳಿದದ್ದು, ಯಾರ ತಟ್ಟೆಗೂ ಬೀಳದ್ದು. ಕೂಡಲೇ ತಂದು ಫ್ರಿಜ್‌ಗೆ ಇಟ್ಟೆವು. ಇವತ್ತು ಕಾಯಿಸಿ, ಡಬ್ಬಿಗೆ ತುಂಬಿ, ಕೋಟೆ ಕಡೆಯ ಓಣಿಗೆ.

ಕೋಣೆ, ಫ್ರಿಜ್, ಮೂರು ಗಾಲಿಯ ಟೆಂಪೊ, ಡ್ರೈವರ್ ಕಲೀಮ — ಎಲ್ಲ ಪಾಲಿಕೆಯವು. ನಾನೊಬ್ಬಳೇ ಸ್ವಂತ ಖುಷಿಯಿಂದ ಬಂದವಳು. ಸದ್ಯಕ್ಕೆ ಪ್ರಯೋಗ. ಹದಿನಾರಕ್ಕೆ ಕಮಿಷನರ್ ಬಂದು ನೋಡುತ್ತಾರೆ. ಒಪ್ಪಿದರೆ ಗಾಡಿ ಉಳಿಯುತ್ತದೆ. ಇಲ್ಲಿ ಉಳಿದರೆ ಭಾಲ್ಕಿಯವರೂ ಔರಾದಿನವರೂ ಶುರು ಮಾಡುತ್ತಾರಂತೆ. ಔರಾದ ನನ್ನೂರು.

ಟೆಂಪೊ ಹಿಂದೆ ಕೆಂಪು ಬಣ್ಣದಲ್ಲಿ ಬರೆದೆ: ದಾನವಲ್ಲ, ಹಕ್ಕು.

ಕಲೀಮ ನಿಧಾನ ಓದಿದ. "ಹಾರ್ನ್ ಪ್ಲೀಸ್ ಎಲ್ಲಿ ಬರೀಲ್ರಿ, ಕಾಮ್ರೇಡ್ ಮೇಡಂ?"

ಮೇ 6, ಮಂಗಳವಾರ

ಓಣಿಗೆಲ್ಲ ಚಿಕ್ಕಮ್ಮನಂತಿರುವ ಅನ್ವರಿ ಖಾಲಾ ಅವರದು ಮೊದಲ ಮನೆ. ಉಳಿದ ಹೆಂಗಸರೆಲ್ಲ ಅವರ ಬಾಗಿಲು ನೋಡಿಯೇ ತಮ್ಮ ಬಾಗಿಲು ತೆಗೆಯುವುದು. ನಿನ್ನೆಯ ಡಬ್ಬಿ ತೊಳೆದು ವಾಪಸ್ ಕೊಟ್ಟರು. ಒಳಗೆ ಎರಡು ನಿಂಬೆಕಾಯಿ. ಈ ಬೇಸಿಗೆಯ ದುಬಾರಿಯಲ್ಲಿ, ಅವರ ಮನೆಯಲ್ಲಿ, ನಿಂಬೆ.

"ಇದೇನ್ರಿ ಖಾಲಾ?"

"ಇರಲಿ ಇಟ್ಕೋ ಬೇಟಿ."

ಕಿಸೆಯಲ್ಲಿದ್ದ ನಮ್ಮ ಸಂಘಟನೆಯ ಕರಪತ್ರದಲ್ಲಿ ನಾನೇ ಗೆರೆ ಎಳೆದ ಸಾಲು — ಹಕ್ಕಿಗೆ ಬದಲು ಕೊಡುವವನು ಹಕ್ಕನ್ನೇ ಕಳೆದುಕೊಳ್ಳುತ್ತಾನೆ. ಪಾಲಿಕೆಯ ಆದೇಶವೂ ಅದೇ: ಫಲಾನುಭವಿಗಳಿಂದ ಏನನ್ನೂ ಪಡೆಯಬಾರದು. ನಿಂಬೆಗಳನ್ನು ಅವರ ಕೈಗೇ ತಿರುಗಿ ಇಟ್ಟೆ. ಓಣಿಗೆಲ್ಲ ಕೇಳುವ ಹಾಗೆ ಹೇಳಿದೆ. "ಊಟ ನಿಮ್ಮ ಹಕ್ಕರಿ. ಅದಕ್ಕ ಬದ್ಲು ಯಾರೂ ಏನೂ ಕೊಡಬಾರದು." ಇನ್ನೂ ಸ್ವಲ್ಪ ಹೇಳಿದೆ. ಚೆನ್ನಾಗಿಯೇ ಹೇಳಿದೆ.

ಖಾಲಾ ಕೈಯೊಳಗಿನ ನಿಂಬೆ ನೋಡಿದರು. ಬಾಗಿಲು ಮೆಲ್ಲಗೆ ಹಾಕಿಕೊಂಡರು.

ಕಲೀಮ ದಾರಿಯುದ್ದಕ್ಕೂ ಸುಮ್ಮನಿದ್ದ. ಮಾತು ತಟ್ಟಿರಬೇಕು.

ಮೇ 8, ಗುರುವಾರ

ಎರಡು ದಿನದಿಂದ ಖಾಲಾ ಬಾಗಿಲು ತೆಗೆದಿಲ್ಲ. ಓಣಿಯಲ್ಲಿ ಯಾರೂ ತೆಗೆದಿಲ್ಲ. ಒಳಗೆ ರೇಡಿಯೋ ಕೇಳುತ್ತದೆ, ಪಾತ್ರೆ ಸದ್ದು ಕೇಳುತ್ತದೆ. ತುಂಬಿದ ಡಬ್ಬಿ ಹೊತ್ತು ವಾಪಸ್. ಒಮ್ಮೆ ಕಾಯಿಸಿದ್ದನ್ನು ಮತ್ತೆ ಫ್ರಿಜ್‌ಗೆ ಇಡುವಂತಿಲ್ಲ. ಸಂಜೆಗೆ ಅನ್ನ ಹಳಸಿತು. ಗುಂಡಿ ತೋಡಿ ಮುಚ್ಚಿದೆವು. ನೋಡಲಾಗಲಿಲ್ಲ.

ಪಾಲಿಕೆಯ ಹೆಲ್ತ್ ಇನ್ಸ್‌ಪೆಕ್ಟರ್ ಸಂಜುಕುಮಾರ ಅವರಿಗೆ ಸುದ್ದಿ ಹೋಗಿದೆ. ಒಳ್ಳೆಯ ಮನುಷ್ಯ. ಬೈಯಲೂ ಬರುವುದಿಲ್ಲ.

"ಈ ಫ್ರಿಜ್ ಸಲುವಾಗಿ ಎಷ್ಟು ಟೇಬಲ್ ಸುತ್ತೀನಿ ಗೊತ್ತದ ಏನ್ರಿ ಶಿವಾನಿ? ಹದಿನಾರಕ್ಕ ಓಣ್ಯಾಗ ಉಣ್ಣೋರೇ ಇಲ್ಲಂದ್ರ ಗಾಡಿ ಹೋಗ್ತದ ನೋಡ್ರಿ."

"ಜನರಾಗ ಅರಿವು ಮೂಡಸ್ಬೇಕ್ರಿ ಸರ್," ಅಂದೆ.

ಕಲೀಮ ಗಾಲಿ ಒರೆಸುತ್ತಿದ್ದ. "ಅರಿವು ಮೂಡೇ ಬಾಗಲಾ ಹಾಕ್ಯಾರ್ರಿ."

ಮೇ 11, ಭಾನುವಾರ. ಔರಾದ

ಬೆಳಿಗ್ಗೆಯ ಬಸ್ಸಿಗೆ ಊರಿಗೆ ಬಂದೆ. ಪಕ್ಕದ ಮನೆಯ ಜಿಜಾಬಾಯಿ ಕಾಕು ಹೋಳಿಗೆ ಕಳಿಸಿದ್ದರು. ಅವ್ವ ಬಟ್ಟಲು ತೊಳೆದಳು, ಒರೆಸಿದಳು, ಒಂದು ಹಿಡಿ ಶೇಂಗಾ ಹಾಕಿದಳು. ಹುಟ್ಟಿದಾಗಿನಿಂದ ನೋಡಿದ್ದೇನೆ. ಇವತ್ತು ಕೇಳಿದೆ.

"ಯಾಕ ಹಾಕ್ತಿ ಅವ್ವಾ?"

"ಖಾಲಿ ಬಟ್ಟಲಾ ಹ್ಯಾಂಗ ಕೊಡೂದು, ಹುಚ್ಚಿ?"

"ಅವ್ರು ಬ್ಯಾಡ ಅಂದ್ರ?"

"ಯಾರಂತಾರ ಹಂಗ? ಅಂದ್ರ ಮುಗೀತು. ನಮ್ಮ ನಿಮ್ಮ ಬಳಕಿ ಸಾಕು ಅಂದಂಗ."

ಹೋಳಿಗೆ ತಟ್ಟೆಗಿಟ್ಟೆ. ನಿಂಬೆಯ ಕಥೆ ಹೇಳಿದೆ. ಅವ್ವ ಕೈ ಬಿಟ್ಟು ಕೂತಳು.

"ಹಿರೀ ಹೆಣ್ಮಗಳ ಕೈಗಿ ತಿರುಗಿ ಇಟ್ಟಿಯಾ? ಓಣಿ ಮಂದಿ ಮುಂದ?"

ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದಳು. ಮೇಲೆ ತುಪ್ಪ. ಅದೇ ಬೈದದ್ದು.

ಮೇ 12, ಸೋಮವಾರ

ಖಾಲಾ ಅವರ ಬಾಗಿಲು ತಟ್ಟಿದೆ. ತೆಗೆಯಲಿಲ್ಲ. ಕಟ್ಟೆ ಮೇಲೆ ಕೂತೆ. ಬಿಸಿಲು ಕಾಲಿಗೆ ಬಂತು, ಮೊಣಕಾಲಿಗೆ ಬಂತು. ಕೊನೆಗೆ ಕದ ಸ್ವಲ್ಪ ಸರಿಯಿತು.

"ಆ ನಿಂಬಿಕಾಯಿ ಕೊಡ್ರಿ ಖಾಲಾ."

"ಯಾವ ನಿಂಬಿಕಾಯಿ? ಶರಬತ್ ಮಾಡಿ ಕುಡದೀವಿ."

"ತಪ್ಪಾಯ್ತರಿ."

"ಭಾಷಣ ಮುಗೀತಾ?"

"ಮುಗೀತರಿ."

"ಡಬ್ಬಿ ಇಟ್ಟು ಹೋಗು."

ನಗಲಿಲ್ಲ. ಆದರೆ ಇಟ್ಟುಕೊಂಡರು. ಎದುರು ಮನೆಯ ಬಾಗಿಲು ತೆರೆಯಿತು. ಅದರ ಪಕ್ಕದ್ದೂ.

ಮೇ 14, ಬುಧವಾರ

ಓಣಿಯೆಲ್ಲ ಉಣ್ಣುತ್ತಿದೆ. ಡಬ್ಬಿಗಳೂ ವಾಪಸ್ ಬರುತ್ತಿವೆ. ಬೆಳ್ಳಗೆ ತೊಳೆದವು. ಒಂದೊಂದೂ ಖಾಲಿ. ಖಾಲಾ ಅವರದೂ.

"ನೀವು ಬೇಡಿದಂಗೇ ಆಯ್ತಲ್ರಿ," ಅಂದ ಕಲೀಮ.

ಆದೇಶದ ಪ್ರಕಾರ ಎಲ್ಲ ಸರಿ. ಇಷ್ಟು ಸರಿ ನನಗೆ ಬೇಡ.

ಸಂಜುಕುಮಾರ ಅವರನ್ನು ಕೇಳಿಯೇಬಿಟ್ಟೆ — ನಿಮ್ಮ ಮನಿಯಿಂದ ಮಂದಿ ಪಾತ್ರಿ ಖಾಲಿ ಹೋಗ್ತದ ಏನ್ರಿ? ತಲೆ ಕೆರೆದುಕೊಂಡರು. "ನಮ್ಮವ್ವ ಸಕ್ಕರಿ ಹಾಕ್ತಾಳ... ಆದೇಶ ಬರದಾವ್ರು ನಮ್ಮವ್ವನ್ನ ಕೇಳಿಲ್ರಿ. ಬಂದಿದ್ದು ಮರುದಿನ ಓಣಿಗಿ ಹೋಗೋ ಊಟಕ್ಕೇ ಹಾಕ್ರಿ. ನಾ ಮಾತಾಡ್ತೇನಿ."

ಹೌದು. ಆದರೆ ಹಾಕಲು ಏನಾದರೂ ಬರಬೇಕಲ್ಲ.

ಟೆಂಪೊ ಮೇಲಿನ ಬರಹ ಅಳಿಸಲೇ ಅಂತ ಕಲೀಮ ಕೇಳಿದ. ಬೇಡ. ಹಕ್ಕು ಹಕ್ಕೇ. ಅದನ್ನು ಬಿಡುವುದಿಲ್ಲ.

ಮೇ 16, ಶುಕ್ರವಾರ. ಸಂಜೆ

ಕಮಿಷನರ್ ಬಂದರು. ನೇರ ಮೊದಲ ಮನೆಗೇ ಹೋದರು. "ಊಟ ಹ್ಯಾಂಗ ಬರ್ತದ್ರಿ ಅಮ್ಮಾ?"

ನಾನು ಡಬ್ಬಿಗಳನ್ನು ಎಣಿಸತೊಡಗಿದೆ.

ಖಾಲಾ ಸೆರಗು ಸರಿ ಮಾಡಿಕೊಂಡರು. "ದಾಲ್ಚಾಕ್ಕ ಹುಳಿ ಕಡಿಮಿ ಸಾಬ್. ಹುಡುಗಿಗಿ ಬಾಯಿ ಜಾಸ್ತಿ. ಗಾಡಿ ಮಾತ್ರ ತಗೊಂಡು ಹೋಗಬ್ಯಾಡ್ರಿ. ಹುಡುಗಿನ್ನೂ."

ಕಮಿಷನರ್ ನಕ್ಕರು. ಗಾಡಿ ಉಳಿಯಿತು. ಭಾಲ್ಕಿಯವರು ಬಂದು ನೋಡಿಕೊಂಡು ಹೋಗುತ್ತಾರಂತೆ. ಆಮೇಲೆ ಔರಾದ.

ತಿರುಗಿ ನೋಡಿದೆ. ಖಾಲಾ ಒಳಗೆ ಹೋಗಿಬಿಟ್ಟಿದ್ದರು.

ಮೇ 17, ಶನಿವಾರ. ಬೆಳಿಗ್ಗೆ 8

ಕಲೀಮ ಡಬ್ಬಿ ತಂದಿಳಿಸಿದ. ಖಾಲಾ ಅವರದನ್ನು ಬೇರೆ ತೆಗೆದು ನನ್ನ ಮುಂದಿಟ್ಟ. ಬಾಗಿಲಿಗೆ ಒರಗಿ ನಿಂತಿದ್ದಾನೆ. ಅಲುಗಿಸಿ ನೋಡಿದೆ. ಒಳಗೆ ಏನೋ ಉರುಳಿತು.

ಮುಚ್ಚಳ ಬಿಗಿ. ಕೈ ಒದ್ದೆ. ಕಲೀಮ ತೆಗೆಯಲು ಬಂದ, ನಾನು ಕೊಡಲಿಲ್ಲ. ತಡಿ, ಪೆನ್ನು ಕೆಳಗಿಟ್ಟು ಎರಡೂ ಕೈ…